ಮನೆ ಇದ್ದಲ್ಲೇ ಇದೆ

ಲುಬಾಬಾ ಅತ್ತಿಗೆ ಜೀವಮಾನದಲ್ಲಿ ಕಟ್ಟಿದ್ದು ಒಂದೇ ಮನೆ. ಅದನ್ನು ಎಷ್ಟು ಸಲ ಬಿಚ್ಚಿದಳು, ಎಷ್ಟು ಸಲ ಮತ್ತೆ ಕಟ್ಟಿದಳು ಎನ್ನುವುದಕ್ಕೆ ಲೆಕ್ಕವಿಲ್ಲ. ಬಿಲ್ಲಿನಂತೆ ಬಾಗಿಸಿದ ಕೋಲುಗಳು, ಮೇಲೆ ಹೊದಿಸಲು ತಾಳೆಗರಿಯ ಚಾಪೆಗಳು, ಬಿಗಿಯಲು ನಾರಿನ ಹಗ್ಗ, ಒಳಗೆ ಹಾಸಲು ತೊಗಲು. ಮನೆ ಎಂದರೆ ಇಷ್ಟೇ. ಕೋಲುಗಳನ್ನು ಅವಳ ತಾಯಿ ಕೊಟ್ಟಿದ್ದಳು. ಚಾಪೆಗಳನ್ನು ಮದುವೆಗೆ ಮೊದಲು ಅವಳೇ ಹೆಣೆದಿದ್ದಳು. ನಮ್ಮ ಅಫಾರ್ ಜನರಲ್ಲಿ ಒಂಟೆ ಗಂಡಸಿನದು, ಕತ್ತಿ ಗಂಡಸಿನದು, ಮಾತು ಗಂಡಸಿನದು. ಮನೆಯೊಂದು ಹೆಂಗಸಿನದು. ಹೊರುವವಳು ಅವಳಲ್ಲವೇ.

ಅವಳ ಗಂಡ ಯಯ್ಯೊ ನನ್ನ ಅಣ್ಣ. ನಾನು ಗಂಡ ತೀರಿಹೋದ ಮೇಲೆ ಅಣ್ಣನ ಬೀಡಿಗೆ ಬಂದು ಸೇರಿದವಳು. ಹಾಗಾಗಿ ಈ ಕಥೆಯ ಎಲ್ಲ ಚಾಪೆಗಳ ಇನ್ನೊಂದು ತುದಿಯನ್ನು ಹಿಡಿದದ್ದು ನಾನು.

ಬೀಡು ಏಳುವ ಮಾತು ಜಾಲಿ ಮರದ ಕೆಳಗೆ ಆಗುತ್ತಿತ್ತು. ಹಿರಿಯ ಹುಮ್ಮದ್ ಮಾವ ಕೋಲಿನಿಂದ ಮಣ್ಣಿನ ಮೇಲೆ ಒಂದು ಗೆರೆ ಎಳೆದು, "ನಾಳೆ ಆ ಕಡೆ" ಎಂದರೆ ಮುಗಿಯಿತು. ಗಂಡಸರ ಕೆಲಸ ಆ ಗೆರೆ. ಆಮೇಲೆ ಕಟ್ಟು ಬಿಚ್ಚುವುದು, ಚಾಪೆ ಸುತ್ತುವುದು, ಕೋಲು ಹೊಂದಿಸುವುದು, ಒಂಟೆಯ ಬೆನ್ನಿಗೆ ಏರಿಸುವುದು, ಮಕ್ಕಳನ್ನು ಅದರ ಮೇಲೆ ಕೂರಿಸುವುದು, ಬಿಸಿಲಲ್ಲಿ ನಡೆಯುವುದು, ಹೊಸ ಜಾಗದಲ್ಲಿ ಕಲ್ಲು ಆರಿಸಿ ನೆಲ ಹಸನು ಮಾಡಿ ಅದೇ ಮನೆಯನ್ನು ಮತ್ತೆ ನಿಲ್ಲಿಸುವುದು ನಮ್ಮದು. ಗಂಡಸರು ಮುಂದೆ ನಡೆಯುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕರೆ ನಿಂತು ದಾಗೂ ಮಾಡುತ್ತಿದ್ದರು.

ದಾಗೂ ನಮ್ಮ ಪಾಲಿಗೆ ಊಟಕ್ಕಿಂತ ಮೊದಲಿನದು. ಬಯಲಿನಲ್ಲಿ ಇಬ್ಬರು ಎದುರಾದರೆ, ಗುರುತಿರಲಿ ಇಲ್ಲದಿರಲಿ, ಕೋಲು ಊರಿ ಕೂರಬೇಕು. "ಸುದ್ದಿ ಏನು?" ಎಂದು ಒಬ್ಬ ಕೇಳುತ್ತಾನೆ. ಇನ್ನೊಬ್ಬ ಮಳೆ, ಹುಲ್ಲು, ಸಾವು, ಜಗಳ, ಕಳೆದುಹೋದ ಒಂಟೆ, ಎಲ್ಲವನ್ನೂ ಹೇಳುತ್ತಾನೆ. ಕಣ್ಣಿಂದ ಕಂಡದ್ದು ಬೇರೆ, ಕಿವಿಯಿಂದ ಕೇಳಿದ್ದು ಬೇರೆ. ನಡುವೆ ಬಾಯಿ ಹಾಕುವಂತಿಲ್ಲ. ಸುಳ್ಳು ಹೇಳಿದವನ ಜೊತೆ ಮುಂದೆ ಯಾರೂ ಕೂರುವುದಿಲ್ಲ. ನನ್ನ ಅಣ್ಣ ದಾಗೂಗೆ ಹೆಸರುವಾಸಿ. ಒಂಟೆಯ ಕುಂಟುಗಾಲನ್ನು ಅವನು ಹೇಳುವುದು ಕೇಳಿದರೆ ನಮ್ಮ ಕಾಲೇ ನೋಯುತ್ತಿತ್ತು. ಕೊನೆಯಲ್ಲಿ ಎದುರಿನವನು, "ಮನೆ?" ಎಂದು ಕೇಳುವುದು ವಾಡಿಕೆ. "ಮನೆ ಇದ್ದಲ್ಲೇ ಇದೆ" ಎನ್ನುವುದು ಉತ್ತರ. ಯಾರೂ ಸತ್ತಿಲ್ಲ, ಎಲ್ಲ ಕ್ಷೇಮ ಎಂದು ಅರ್ಥ. ಇಬ್ಬರೂ ಏಳುತ್ತಾರೆ.

"ಒಂಟೆ ಹಲ್ಲುನೋವಿಗೆ ಅರ್ಧ ಬೆಳಗು ಮಾತಾಡ್ತಾನೆ ನಿನ್ನಣ್ಣ," ಎಂದು ಲುಬಾಬಾ ಅತ್ತಿಗೆ ನಗುತ್ತಿದ್ದಳು. "ನಾಳೆ ನಾನು ಸತ್ರೂ ಮನೆ ಇದ್ದಲ್ಲೇ ಇದೆ ಅಂತಾನೆ. ಸುಳ್ಳೂ ಅಲ್ಲ, ಇದ್ದಲ್ಲೇ ಇರುತ್ತೆ. ಬಿಚ್ಚೋರೇ ಇರಲ್ಲವಲ್ಲ."

ಆ ವರ್ಷ ನಮ್ಮ ಬೀಡು ಕರಿಕಲ್ಲಿನ ಬಯಲಿನಲ್ಲಿತ್ತು. ಅಕಾಲದಲ್ಲಿ ಒಂದು ಮಳೆ ಬಿದ್ದು ಕಲ್ಲುಗಳ ನಡುವೆ ಒಳ್ಳೆಯ ಹುಲ್ಲು ಎದ್ದಿತ್ತು. ಆದರೆ ಅಲ್ಲಿ ಹೊಳೆಯಿಲ್ಲ, ಬಾವಿಯಿಲ್ಲ. ಇರುವುದು ಬೋಯ್ನಾ, ಅಂದರೆ ಹಬೆಬಾವಿ. ನೆಲದ ಸೀಳಿನಿಂದ ಬಿಸಿ ಹಬೆ ಏಳುತ್ತದೆ. ಅದರ ಮೇಲೆ ಕಲ್ಲು ಪೇರಿಸಿ ಗೂಡು ಕಟ್ಟಿ, ಸೊಪ್ಪು, ಹಳೆ ಚಾಪೆ ಹೊದಿಸಿದರೆ ಹಬೆ ತಣಿದು ಹನಿಯಾಗಿ ತಳದ ಮಣ್ಣಿನ ಬಾನಿಗೆ ಇಳಿಯುತ್ತದೆ. ನಸುಕಿನಲ್ಲಿ ಹೋಗಿ ಸೋರೆಬುರುಡೆಯಲ್ಲಿ ಮೊಗೆದು ತೊಗಲ ಚೀಲಕ್ಕೆ ತುಂಬಬೇಕು. ಬಿಸಿಲೇರಿದರೆ ಕೈ ಬೇಯುತ್ತದೆ. ಬಾನಿ ಒಡೆದರೆ ಒಳಗೆ ಕೈ ಹಾಕಿ ಮಣ್ಣು ಮೆತ್ತಬೇಕು. ಅತ್ತಿಗೆಯ ಮೊಣಕೈವರೆಗೂ ಒಂದು ಕೂದಲಿರಲಿಲ್ಲ. ಚರ್ಮ ಬೇಯಿಸಿದ ಹಾಗೆ ನುಣ್ಣಗಿತ್ತು. ಗಂಡಸರು ನೀರು ಕುಡಿದು, "ಈ ಸಲ ನೀರು ರುಚಿಯಾಗಿದೆ" ಎಂದು ಮೀಸೆ ಒರೆಸಿಕೊಳ್ಳುತ್ತಿದ್ದರು.

ಅವಳ ಮಗಳು ಐಸಾ ಚೊಚ್ಚಲ ಹೆರಿಗೆಯಾಗಿ ಅಲ್ಲೇ ಬಾಣಂತನಕ್ಕಿದ್ದಳು. ಅಳಿಯ ಉಪ್ಪು ಹೇರುವ ಒಂಟೆಗಳ ಜೊತೆ ಹೋಗಿದ್ದ. ಆಡುಗಳ ಧೂಳು ಹಸುಗೂಸಿಗೆ ಆಗದು ಎಂದು ಐಸಾಳ ಮನೆಯನ್ನು ನಮ್ಮ ಬೀಡಿನ ಮೂಡಣಕ್ಕೆ, ಒಂದು ಸಣ್ಣ ತಗ್ಗಿನ ಆಚೆ ದಿಣ್ಣೆಯ ಮೇಲೆ ಕಟ್ಟಿದ್ದೆವು. ಬಾಣಂತನ ಮುಗಿಯುವವರೆಗೆ ಅವಳು ಹೊಸಿಲು ದಾಟುವಂತಿಲ್ಲ. ಅವಳ ಮನೆಯ ಕಟ್ಟು ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಕೂಸಿನ ಜೀವ ನೆಲೆ ನಿಲ್ಲದು ಎಂದು ನಮ್ಮ ನಂಬಿಕೆ. ಹೀಗಾಗಿ ಎರಡು ಮನೆಯ ನೀರು, ಎರಡು ಮನೆಯ ರೊಟ್ಟಿ, ಎರಡು ಮನೆಯ ಹೊಗೆ ಅತ್ತಿಗೆಯ ಪಾಲಿಗೆ ಬಂತು.

ಕೂಗಿದರೆ ಕೇಳುವಷ್ಟೇ ದೂರ. ಆದರೆ ಬಾಣಂತಿ ಕೂಗಬಾರದು. ಅದಕ್ಕೆ ಅತ್ತಿಗೆ ಒಂದು ಉದ್ದದ ನಾರಿನ ಹಗ್ಗ ಹೊಸೆದು, ಒಂದು ತುದಿಯನ್ನು ಐಸಾಳ ಬಾಗಿಲ ಕೋಲಿಗೂ ಇನ್ನೊಂದನ್ನು ತನ್ನ ಮನೆಯ ಕೋಲಿಗೂ ಕಟ್ಟಿದಳು. ತನ್ನ ಕಡೆಯ ತುದಿಗೆ ಒಂಟೆಯ ಕೊರಳಿನ ಮರದ ಗಂಟೆಯನ್ನು ತೂಗಿಬಿಟ್ಟಳು. ಮಗಳು ಎಳೆದರೆ ಇಲ್ಲಿ ಕಟಕಟ ಎನ್ನುತ್ತಿತ್ತು.

"ನಿನ್ನ ಗಂಡನ ಸೊಂಟಕ್ಕೂ ಇಂಥದೊಂದು ಕಟ್ಟಿ ಕಳಿಸಬೇಕಿತ್ತು," ಎಂದು ನಾನು ಐಸಾಳಿಗೆ ಹೇಳಿದ್ದೆ.

"ಎಳೆದ್ರೆ ಅವನೆಲ್ಲಿ ಬರ್ತಾನೆ ಅತ್ತೆ, ಒಂಟೆ ಬರುತ್ತೆ," ಎಂದಿದ್ದಳು ಅವಳು.

ಹಗ್ಗ ಸಡಿಲವಾಗಿ ತಗ್ಗಿಗೆ ಅಡ್ಡಲಾಗಿ ಜೋತು ಬಿದ್ದಿತ್ತು. ಆಡುಮರಿಗಳು ಅದನ್ನು ಹಾರಿ ಆಡುತ್ತಿದ್ದವು.

ಮೊದಲು ಬದಲಾದದ್ದು ರೊಟ್ಟಿ ಗುಂಡಿ. ನೆಲದಲ್ಲಿ ತೋಡಿದ ಆ ಗುಂಡಿಯಲ್ಲಿ ಬೆಂಕಿ ಉರಿಸಿ, ಕೆಂಡ ತಗ್ಗಿದ ಮೇಲೆ ಗೋಡೆಗೆ ಹಿಟ್ಟು ಮೆತ್ತಿ ರೊಟ್ಟಿ ಸುಡುತ್ತೇವೆ. ಒಂದು ಬೆಳಿಗ್ಗೆ ಬೂದಿ ತೆಗೆಯಲು ಕೈ ಹಾಕಿದ ಅತ್ತಿಗೆ ತಟ್ಟನೆ ಹಿಂದೆಗೆದಳು. ಬೆಂಕಿ ಹಚ್ಚಿಯೇ ಇರಲಿಲ್ಲ. ಗುಂಡಿ ಕಾದಿತ್ತು. ಅವಳು ಸುಮ್ಮನೆ ಒಂದು ಹಿಡಿ ಹಿಟ್ಟನ್ನು ಗೋಡೆಗೆ ಮೆತ್ತಿದಳು. ನಾವಿಬ್ಬರೂ ನೋಡುತ್ತಾ ಕೂತೆವು. ರೊಟ್ಟಿ ಉಬ್ಬಿತು, ಅಂಚು ಕೆಂಪಾಯಿತು.

"ಸೌದೆ ಉಳೀತು ಬಿಡು," ಎಂದೆ.

ಅತ್ತಿಗೆ ನಗಲಿಲ್ಲ. ಒಂದು ಚೂರು ಮುರಿದು ಆಡಿನ ಮುಂದೆ ಹಿಡಿದಳು. ಸಿಕ್ಕಿದ್ದನ್ನೆಲ್ಲ ತಿನ್ನುವ ಆಡು ಅದು. ಮೂಸಿ ನೋಡಿ ಹಿಂದಕ್ಕೆ ಸರಿಯಿತು. ಆಮೇಲೆ ನಾವು ತಿಂದೆವು, ಇನ್ನೇನು ಮಾಡುವುದು. ಕಲ್ಲಿಗೆ ಕಲ್ಲು ಉಜ್ಜಿದಾಗ ಬರುತ್ತದಲ್ಲ, ಆ ವಾಸನೆ ರೊಟ್ಟಿಯಲ್ಲಿತ್ತು.

ಆಮೇಲೆ ಹಬೆಬಾವಿ. ಅಲ್ಲಿ ಸದಾ ಹನಿ ಬೀಳುವ ಸದ್ದು ಇರುತ್ತದೆ. ಆ ನಸುಕಿನಲ್ಲಿ ನಾವು ಹೋದಾಗ ಸದ್ದಿರಲಿಲ್ಲ. ಬಾನಿಯಲ್ಲಿ ನೀರೂ ಇರಲಿಲ್ಲ. ಅತ್ತಿಗೆ ಗೂಡಿನ ಬಾಯಿಗೆ ಕಿವಿ ಕೊಟ್ಟಳು, ಆಮೇಲೆ ನನ್ನನ್ನು ಕರೆದಳು. ಒಳಗೆ ಯಾರೋ ಉಸಿರು ಎಳೆದುಕೊಳ್ಳುತ್ತಿದ್ದಂತೆ ಕೇಳುತ್ತಿತ್ತು. ಬಿಡುವ ಸದ್ದು ಬರಲಿ ಎಂದು ಕಾದೆ. ಬರಲಿಲ್ಲ. ಬರೀ ಎಳೆದುಕೊಳ್ಳುವುದು. ಅವಳು ಚಾಪೆಯ ಚೂರೊಂದನ್ನು ಬಾಯಿಗೆ ಅಡ್ಡ ಹಿಡಿದಳು. ಅದು ಅವಳ ಕೈಯಿಂದ ಜಾರಿ ಕಲ್ಲಿಗೆ ಅಂಟಿ ನಿಂತಿತು.

"ಇಷ್ಟು ದಿನ ಕೊಡ್ತಿತ್ತು," ಎಂದಳು ಅತ್ತಿಗೆ. "ಈಗ ತಗೋತಿದೆ."

ಆ ದಿನ ದೂರದ ಇನ್ನೊಂದು ಬಾವಿಯಿಂದ ನೀರು ತಂದೆವು. ಮನೆ ಸೇರುವ ಹೊತ್ತಿಗೆ ಗಂಟೆ ಬಡಿಯುತ್ತಿತ್ತು. ಅತ್ತಿಗೆ ಚೀಲ ಇಳಿಸಿ ತಗ್ಗು ದಾಟಿ ಓಡಿದಳು. ನಾನೂ ಹಿಂದೆ ಹೋದೆ. ಐಸಾ ಕೂಸಿಗೆ ಹಾಲೂಡಿಸುತ್ತಾ ಕೂತಿದ್ದಳು.

"ಏನೇ, ಕರೆದೆಯಾ?"

"ನಾನ್ಯಾಕೆ ಕರೀಲಿ? ನೀನೇ ಬೆಳಿಗ್ಗೆಯಿಂದ ಎಳೀತಿದ್ದೀಯ. ನೋಡು, ಬಾಗಿಲ ಕೋಲು ಹೇಗೆ ಬಾಗಿದೆ."

"ನಾನು ನೀರಿಗೆ ಹೋಗಿದ್ದೆ ಕಣೇ."

"ಹಾಗಾದ್ರೆ ಅಪ್ಪ ಎಳೆದಿರಬೇಕು."

"ನಿಮ್ಮಪ್ಪ ಮನೆ ಹಗ್ಗ ಮುಟ್ಟೋದು ಉಂಟಾ? ಚೇಷ್ಟೆ ಬೇಡ ಐಸಾ."

"ಚೇಷ್ಟೆ ನಿಂದು. ಒಬ್ಬಳೇ ಎರಡು ಕಡೆ ಓಡಾಡೋಕೆ ಆಗಲ್ಲ ಅಂತ ನನ್ನ ಮನೇನೇ ಎಳ್ಕೊಂಡು ಹತ್ತಿರ ಮಾಡ್ಕೊಳ್ತಿದ್ದೀಯ."

ಅತ್ತಿಗೆ ಹೊರಗೆ ಬಂದಳು. ಆಗ ನಾವು ಹಗ್ಗವನ್ನು ಸರಿಯಾಗಿ ನೋಡಿದೆವು. ಜೋತು ಬಿದ್ದಿದ್ದ ಹಗ್ಗ ಈಗ ತಗ್ಗಿನ ಮೇಲೆ ನೆಟ್ಟಗೆ ನಿಂತಿತ್ತು. ಬಟ್ಟೆ ಒಣಹಾಕುವಷ್ಟು ಬಿಗಿ. ಅವಳು ತನ್ನ ಕಡೆಯ ತುದಿ ಬಿಚ್ಚಿ, ಒಂದು ಮೊಳ ಹಗ್ಗ ಸೇರಿಸಿ, ಸಡಿಲ ಮಾಡಿ ಕಟ್ಟಿದಳು. ಬೆಳಗಾಗುವಷ್ಟರಲ್ಲಿ ಅದು ಮತ್ತೆ ಬಿಗಿದಿತ್ತು.

ಅಣ್ಣನಿಗೆ ಎಲ್ಲವನ್ನೂ ಹೇಳಿದಳು. ಅವನು ಹಲ್ಲುಕಡ್ಡಿ ಅಗಿಯುತ್ತಾ ಕೇಳಿದ.

"ಬಿಸಿಲಿಗೆ ಹಗ್ಗ ಒಣಗಿ ಬಿಗಿದಿದೆ."

"ನಾರಿನ ಹಗ್ಗ ನೆನೆದ್ರೆ ಬಿಗಿಯೋದು, ಒಣಗಿದ್ರೆ ಸಡಿಲಾಗೋದು. ಹೊಸೆದೋಳು ನಾನು."

"ಸರಿ, ನನಗೇನು ಮಾಡು ಅಂತೀಯ?"

"ಯಾರಾದ್ರೂ ಬಂದಾಗ ಹೇಳು. ನಾವು ಹೇಳಿದ್ರೆ ತಾನೆ ಅವರು ಕಂಡದ್ದನ್ನ ಅವರು ಹೇಳೋದು. ಬೇರೆ ಬೀಡಲ್ಲೂ ಹೀಗಾಗಿದ್ರೆ ಕೂಸನ್ನ ಇಲ್ಲಿಟ್ಕೊಂಡು ಕೂರೋದು ಹೇಗೆ?"

"ಹೇಳ್ತೀನಿ," ಎಂದ ಅಣ್ಣ.

ಮಾರನೆಯ ದಿನವೇ ಉತ್ಬಾನ್ ಎಂಬ ಒಬ್ಬ ಬಡಗಣ ಬೀಡಿನವನು ಒಂಟೆ ಹುಡುಕುತ್ತಾ ಬಂದ. ಅಣ್ಣ ಅವನನ್ನು ನಮ್ಮ ಮನೆಯ ನೆರಳಿಗೇ ಕರೆತಂದು ಕೂರಿಸಿದ. ಅತ್ತಿಗೆ ಹಾಲು ಕೊಟ್ಟು ಒಳಗೆ ಬಂದು, ಚಾಪೆಯ ಸಂದಿಗೆ ಕಿವಿಯಿಟ್ಟು ಕೂತಳು. ಉತ್ಬಾನ್ ಹೇಳಿದ. ಅಣ್ಣ ಹೇಳಿದ. ಮಳೆ ಎಲ್ಲಿ ಬಿತ್ತು, ಹುಲ್ಲು ಎಷ್ಟೆತ್ತರ, ಯಾರ ಒಂಟೆ ಈದಿತು, ಯಾವ ಕುಲದವರು ಯಾರ ಮೇಲೆ ಮುನಿದಿದ್ದಾರೆ. ಅತ್ತಿಗೆಯ ಬೆರಳು ಪ್ರತಿ ಮಾತಿಗೂ ಚಾಪೆಯ ಒಂದೊಂದು ಎಳೆ ದಾಟಿ ಮುಂದೆ ಹೋಗುತ್ತಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ. ಹೊರಗೆ, ಅವರ ತಲೆಯ ಮೇಲೇ, ಗಂಟೆ ಒಮ್ಮೆ ಕಟಕ್ ಎಂದಿತು. ಇಬ್ಬರೂ ತಲೆ ಎತ್ತಿ ನೋಡಿದರಂತೆ.

"ಮನೆ?" ಎಂದ ಉತ್ಬಾನ್.

"ಮನೆ ಇದ್ದಲ್ಲೇ ಇದೆ," ಎಂದ ಅಣ್ಣ. "ನಿಮ್ಮದು?"

"ಇದ್ದಲ್ಲೇ ಇದೆ."

ಇಬ್ಬರೂ ಎದ್ದರು.

ಬಹಳ ಕಾಲದ ಮೇಲೆ ಸಂತೆಯಲ್ಲಿ ಉತ್ಬಾನನ ಹೆಂಡತಿ ನನಗೆ ಸಿಕ್ಕಳು. ಅವನು ನಮ್ಮಲ್ಲಿಗೆ ಹೊರಟ ದಿನ ಅವಳ ಹಬೆಬಾವಿಯೂ ಉಸಿರು ಎಳೆದುಕೊಳ್ಳುತ್ತಿತ್ತಂತೆ. ಗಂಡನಿಗೆ ಹೇಳಿ ಕಳಿಸಿದ್ದಳಂತೆ.

ಉತ್ಬಾನ್ ಕಣ್ಮರೆಯಾದ ಮೇಲೆ ಅತ್ತಿಗೆ ಹೊರಗೆ ಬಂದಳು.

"ನೀನು ದಾಗೂನಲ್ಲಿ ಸುಳ್ಳು ಹೇಳಿದೆ," ಎಂದಳು.

ನಮ್ಮಲ್ಲಿ ಗಂಡಸಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಣ್ಣನ ಮುಖ ಕಪ್ಪಿಟ್ಟಿತು. "ಮನೆ ಇದೆಯಲ್ಲ. ನೀನು ಇದ್ದೀಯಲ್ಲ. ಯಾವುದು ಸುಳ್ಳು?"

ಅವಳು ಅವನ ಮುಂಗೈ ಹಿಡಿದು ಹಗ್ಗದ ಮೇಲೆ ಇಟ್ಟಳು. ಹಗ್ಗ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಗಾಳಿಯಿರಲಿಲ್ಲ. ಅಣ್ಣ ಕೈ ತೆಗೆದು ಉಟ್ಟ ಬಟ್ಟೆಗೆ ಒರೆಸಿಕೊಂಡ.

"ರೊಟ್ಟಿ ಗುಂಡಿ, ನೀರಿನ ಬಾನಿ, ಬಾಣಂತಿ ಹಗ್ಗ. ಇದನ್ನ ಗಂಡಸರ ಮುಂದೆ ಸುದ್ದಿ ಅಂತ ಹೇಳಿದ್ರೆ ನಗಲ್ವಾ? ಹುಲ್ಲು ಚೆನ್ನಾಗಿದೆ. ಹುಮ್ಮದ್ ಮಾವ ಹೇಳೋವರೆಗೂ ಬೀಡು ಏಳಲ್ಲ."

ಮರುದಿನ ನೆತ್ತಿ ಸುಡುವ ಮಧ್ಯಾಹ್ನ. ಆ ಹೊತ್ತಿನಲ್ಲಿ ನಮ್ಮ ಬಯಲಿನಲ್ಲಿ ಇರುವೆಯೂ ಹೊರಬರುವುದಿಲ್ಲ. ಗಂಟೆ ಬಡಿಯಲು ಶುರುವಾಯಿತು. ನಿಲ್ಲಲಿಲ್ಲ. ಮೊದಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮನೆ, ಕೈಕಾಲು ಬಡಿಯುವ ಪ್ರಾಣಿಯ ಹಾಗೆ. ನಾವು ಹೊರಗೆ ಬಂದು ನಿಂತೆವು. ತಗ್ಗಿನಾಚೆ ಐಸಾ ಬಾಗಿಲಲ್ಲಿ ನಿಂತು ಎರಡೂ ಕೈ ಮೇಲೆತ್ತಿ ತೋರಿಸಿದಳು, ನಾನಲ್ಲ ಎಂದು. ಹಗ್ಗ ಫಟ್ಟನೆ ಕಿತ್ತು, ಅದರ ತುದಿ ಹಾವಿನ ಹಾಗೆ ಹಾರಿ ತಗ್ಗಿನಲ್ಲಿ ಬಿತ್ತು. ಗಂಟೆ ನಿಂತಿತು. ಅದು ನಿಂತದ್ದು ಬಡಿದದ್ದಕ್ಕಿಂತ ಕೆಟ್ಟದಾಗಿತ್ತು.

ಆಡುಗಳು ತಗ್ಗಿನ ಈಚೆ ಸಾಲಾಗಿ ನಿಂತಿದ್ದವು. ಯಾರೋ ಗೆರೆ ಎಳೆದ ಹಾಗೆ ಒಂದೂ ಮುಂದೆ ಕಾಲಿಡುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಗೆರೆ ನಿಜವಾಗಿ ಇತ್ತು. ಕೂದಲೆಳೆಯಷ್ಟು. ಬಡಗಣದಿಂದ ತೆಂಕಣಕ್ಕೆ, ಕಲ್ಲು ಮಣ್ಣು ಎರಡನ್ನೂ ಒಂದೇ ತೆರನಾಗಿ ಕೊಯ್ದುಕೊಂಡು ಹೋಗಿತ್ತು. ಅಂಗೈ ಇಟ್ಟೆ. ಒಳಗಿನಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಇಷ್ಟು ದಿನ ಎಳೆದುಕೊಂಡದ್ದನ್ನು ಈಗ ಬಿಡುತ್ತಿತ್ತು.

ಅತ್ತಿಗೆ ವಾಪಸು ಹೋಗಿ, ಮನೆಯ ಮೊದಲ ಕಟ್ಟನ್ನು ಬಿಚ್ಚಿದಳು.

ಚಾಪೆ ಕಳಚುವುದನ್ನು ಕಂಡು ಮರದ ಕೆಳಗಿನಿಂದ ಗಂಡಸರು ಎದ್ದು ಬಂದರು. ಹುಮ್ಮದ್ ಮಾವ ಕೋಲೂರಿ ನಿಂತ.

"ಎಲ್ಲಿಗಮ್ಮ?"

"ಮಗಳ ಕಡೆಗೆ, ಮಾವ."

"ಬೀಡು ಏಳ್ತಿಲ್ಲವಲ್ಲ."

"ಬೀಡು ಏಳದೇ ಇರಲಿ. ಮನೆ ಏಳ್ತಿದೆ."

ಮುದುಕ ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡಿದ. ಮನೆ ಅವಳದು, ಬೇಡ ಎನ್ನುವ ಹಕ್ಕು ಆ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ಇಷ್ಟು ವರ್ಷ ಅದು ಯಾರ ನೆನಪಿಗೂ ಬಂದಿರಲಿಲ್ಲ, ಅಷ್ಟೆ.

"ನಾನೆಲ್ಲಿ ಮಲಗಲಿ?" ಎಂದ ಅಣ್ಣ, ಸಣ್ಣ ದನಿಯಲ್ಲಿ.

"ಹುಲ್ಲು ಚೆನ್ನಾಗಿದೆಯಲ್ಲ," ಎಂದಳು ಅತ್ತಿಗೆ.

ಒಂಟೆ ಹೇರಿದೆವು. ನಾನು ಗಂಟೆಯನ್ನು ಬಿಚ್ಚಿ, ನಾಲಿಗೆ ಅಲ್ಲಾಡದಂತೆ ಚಿಂದಿ ತುರುಕಿ, ಮಡಿಲಲ್ಲಿ ಕಟ್ಟಿಕೊಂಡೆ. ತಗ್ಗಿಗೆ ಇಳಿಯುವಾಗ ಕೇಳಿದೆ, "ಅತ್ತಿಗೆ, ಆ ಕಡೆನೇ ಒಳ್ಳೇದು ಅಂತ ಹೇಗೆ ಗೊತ್ತು?"

"ಗೊತ್ತಿಲ್ಲ," ಎಂದಳು. "ಕೂಸು ಆ ಕಡೆ ಇದೆ."

ಗೆರೆಯ ಹತ್ತಿರ ಒಂಟೆ ನಿಂತುಬಿಟ್ಟಿತು. ಎಳೆದರೂ ಬಾರದು, ಬೈದರೂ ಬಾರದು. ಅತ್ತಿಗೆ ತಲೆವಸ್ತ್ರ ತೆಗೆದು ಅದರ ಕಣ್ಣಿಗೆ ಕಟ್ಟಿದಳು. ಗಂಡಸರ ಎದುರು ಅವಳ ಬರಿದಲೆಯನ್ನು ನಾನು ಕಂಡದ್ದು ಅದೇ ಮೊದಲು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಒಂಟೆ ಒಂದೊಂದೇ ಕಾಲು ಎತ್ತಿ ದಾಟಿತು. ಅದರ ಹಿಂದೆ ನಾನು. ಗೆರೆಯ ಮೇಲೆ ಕಾಲು ಹಾಯಿಸುವಾಗ ಕೆಳಗಿನಿಂದ, ಬಹಳ ಆಳದಿಂದ, ಕಟಕಟ ಎನ್ನುವುದು ಕೇಳಿಸಿತು. ಮಡಿಲು ಮುಟ್ಟಿ ನೋಡಿಕೊಂಡೆ. ಚಿಂದಿ ತುರುಕಿದ ಗಂಟೆ ಅಲ್ಲಿಯೇ ಇತ್ತು. ಅತ್ತಿಗೆಗೂ ಕೇಳಿಸಿತು ಎಂದು ಅವಳ ಹೆಜ್ಜೆ ನೋಡಿದರೇ ತಿಳಿಯುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

ಐಸಾಳ ಮನೆಯ ಕಟ್ಟಿಗೆ ಕೈ ಹಾಕಿದಾಗ ಅವಳು ಒಳಗಿನಿಂದ ಅತ್ತಳು. "ಬಾಣಂತಿ ಮನೆ ಬಿಚ್ಚಬಾರದು ಅಂತ ನೀನೇ ಹೇಳ್ಕೊಟ್ಟಿದ್ದು. ನನ್ನ ಕೂಸಿಗೆ ಏನಾದ್ರೂ ಆದ್ರೆ?"

"ಹೇಳ್ಕೊಟ್ಟೋಳೇ ಬಿಚ್ತಿದ್ದೀನಿ. ಏನಾದ್ರೂ ಆಗೋದಿದ್ರೆ ನನಗಾಗಲಿ. ಕೂಸನ್ನ ಎತ್ಕೋ."

ಅವಳ ಮನೆಯ ಕೋಲುಗಳನ್ನು ಹೆಗಲ ಮೇಲೆ ಹೊತ್ತು, ಒಂಟೆಯನ್ನು ನಡೆಸಿಕೊಂಡು ದಿಣ್ಣೆಯ ಹಿಂದಿನ ಏರು ಹತ್ತಿದೆವು. ಮೊದಲು ಹಕ್ಕಿಗಳು ನಮ್ಮ ತಲೆಯ ಮೇಲಿಂದ ಹಾರಿಹೋದವು, ಒಂದೂ ಕೂಗದೆ. ಆಮೇಲೆ ಒದ್ದೆ ತೊಗಲನ್ನು ಇಬ್ಬರು ಹಿಡಿದು ಝಾಡಿಸಿದ ಹಾಗೆ ನೆಲ ಅದುರಿತು. ಬಿದ್ದೆವು. ಎದ್ದೆವು. ಮತ್ತೆ ಬಿದ್ದೆವು. ಹಿಂದೆ ನೋಡಿದರೆ ತಗ್ಗು ಇರಲಿಲ್ಲ. ಅಲ್ಲಿ ಧೂಳಿನ ಒಂದು ಗೋಡೆ ಎದ್ದಿತ್ತು. ಬಡಗಣದಲ್ಲಿ ಎಲ್ಲೋ ನೆಲ ಬಾಯಿಬಿಟ್ಟು ಬೂದಿ ಉಗುಳಿ, ಹಗಲೇ ಕತ್ತಲಾಯಿತು. ನಾವು ಮನೆಯ ಚಾಪೆಗಳನ್ನು ತಲೆಯ ಮೇಲೆ ಎಳೆದುಕೊಂಡು, ಕೂಸನ್ನು ನಡುವೆ ಇಟ್ಟುಕೊಂಡು, ಮೂವರೂ ಅದರ ಮೇಲೆ ಬಾಗಿ ಕೂತೆವು. ಚಾಪೆಯ ಮೇಲೆ ಬೂದಿ ಬೀಳುವ ಸದ್ದು ಹಿಟ್ಟು ಜರಡಿ ಹಿಡಿದ ಹಾಗಿತ್ತು. ಕೂಸು ಅಳಲಿಲ್ಲ. ಐಸಾ ನಡುನಡುವೆ ಅದರ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಕೊನೆಗೆ ಅದು ಸೀನಿತು. ಅತ್ತಿಗೆ ಆಗ ನಕ್ಕಳು, ತೀರಾ ಮೆಲ್ಲಗೆ.

ಬೆಳಗಾದ ಮೇಲೆ ಕಂಡಿತು. ಕೂದಲೆಳೆಯ ಗೆರೆ ಇದ್ದಲ್ಲಿ ಹತ್ತು ಒಂಟೆಗಳನ್ನು ಉದ್ದಕ್ಕೆ ನಿಲ್ಲಿಸಿದರೂ ಆಚೆ ಮುಟ್ಟದಷ್ಟು ಅಗಲದ ಕಂದಕ. ಎರಡೂ ದಿಕ್ಕಿನಲ್ಲಿ ಕಣ್ಣು ಹರಿಯುವವರೆಗೆ. ನಮ್ಮ ಮನೆ ನಿಂತಿದ್ದ ನೆಲ ಹಾಗೇ ಇಡಿಯಾಗಿ ಕೆಳಗೆ ಇಳಿದಿತ್ತು. ರೊಟ್ಟಿ ಗುಂಡಿ ಆಳದಲ್ಲಿ ದುಂಡಗೆ ಕಾಣುತ್ತಿತ್ತು, ಕಣ್ಣಿನ ಹಾಗೆ. ಗಂಡಸರೂ ಉಳಿದ ಹೆಂಗಸರೂ ಪಡುವಣಕ್ಕೆ ಓಡಿ ಉಳಿದುಕೊಂಡಿದ್ದರು. ಮನೆಗಳು ಹೋಗಿದ್ದವು. ಆಡುಗಳು, ಕೆಲವು ಒಂಟೆಗಳು ಒಳಗೆ ಬಿದ್ದಿದ್ದವು. ಅವುಗಳ ಸದ್ದು ಮಧ್ಯಾಹ್ನದವರೆಗೂ ಬರುತ್ತಿತ್ತು.

ಆಚೆ ದಂಡೆಗೆ ಅಣ್ಣ ಬಂದು ನಿಂತ. ಬೂದಿ ಮೆತ್ತಿ ಅವನ ಗುರುತೇ ಸಿಗುತ್ತಿರಲಿಲ್ಲ. ಕೋಲೂರಿ ಕೂತ, ಬಾಯಿ ಸುತ್ತ ಕೈ ಕಟ್ಟಿ ಕೂಗಿದ.

"ಸುದ್ದಿ ಏನು?"

ಅತ್ತಿಗೆ ಈಚೆ ದಂಡೆಯಲ್ಲಿ ಕೂತಳು. ಅವಳಿಗೆ ಕೋಲಿರಲಿಲ್ಲ, ಮನೆಯ ಒಂದು ಕೋಲನ್ನೇ ಊರಿದಳು. ರೊಟ್ಟಿ ಗುಂಡಿಯಿಂದ ಶುರುಮಾಡಿದಳು. ಬೆಂಕಿಯಿಲ್ಲದೆ ಸುಟ್ಟ ರೊಟ್ಟಿ, ಆಡು ಮೂಸಿ ಬಿಟ್ಟದ್ದು, ಬಾವಿ ಉಸಿರು ಎಳೆದುಕೊಂಡದ್ದು, ಹಗ್ಗ ಬಿಗಿದದ್ದು, ಎಷ್ಟು ಸಲ ಸಡಿಲಿಸಿದಳು ಎನ್ನುವುದು. ಕಣ್ಣಿಂದ ಕಂಡದ್ದು ಬೇರೆ, ಕಿವಿಯಿಂದ ಕೇಳಿದ್ದು ಬೇರೆ. ನೆಲದೊಳಗಿನ ಗಂಟೆಯನ್ನು ಕೇಳಿದ್ದರ ಪಾಲಿಗೆ ಹಾಕಿದಳು. ಒಂದೊಂದು ಮಾತನ್ನೂ ಕಂದಕ ದಾಟುವಂತೆ ಕೂಗಿ ಹೇಳಿದಳು. ಗಂಟಲು ಒಡೆದರೂ ನಿಲ್ಲಿಸಲಿಲ್ಲ. ಅಣ್ಣ ನಡುವೆ ಬಾಯಿ ಹಾಕಲಿಲ್ಲ.

ಮುಗಿದ ಮೇಲೆ ಅವನು ಕೇಳಿದ. ಕೇಳಬೇಕೆಂದು ಕೇಳಿದನೋ, ವಾಡಿಕೆಯಿಂದ ಬಾಯಿಗೆ ಬಂತೋ, ನನಗೆ ಗೊತ್ತಿಲ್ಲ.

"ಮನೆ?"

"ಮನೆ ಇದ್ದಲ್ಲಿ ಇಲ್ಲ," ಎಂದಳು ಅತ್ತಿಗೆ.

ಆ ದಾಗೂವನ್ನು ಅಣ್ಣ ಹೊತ್ತುಕೊಂಡು ಹೋಗಲೇಬೇಕಿತ್ತು. ಕೇಳಿದ್ದನ್ನು ನುಂಗುವುದೂ ಸುಳ್ಳೇ. ಅದು ಬೀಡಿನಿಂದ ಬೀಡಿಗೆ, ಸಂತೆಗೆ, ಪೇಟೆಗೆ ಹೋಯಿತು. ಬೆಟ್ಟದ ಮೇಲಿನ ನಗರದಿಂದ ನೆಲವನ್ನು ಓದುವ ಜನ ಬಂದರು. ನಾನು ಅವರ ಗುಡಾರಗಳಲ್ಲಿ ಅಡುಗೆಗೆ ನಿಂತೆ. ಅವರಲ್ಲಿ ಒಬ್ಬಳು ಹುಡುಗಿ, ಗಂಡಸರ ಷರಾಯಿ ಹಾಕುತ್ತಿದ್ದವಳು, ನಾನು ಆಡಿನ ತೊಗಲು ಹದ ಮಾಡುವಾಗ ಎದುರು ಕೂತು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದೆವು. ನಡುವೆ ತೊಗಲು ತೆಳ್ಳಗಾಗಿ ಕೆಳಗೆ ಜೋತಿತು. "ನಿಮ್ಮ ನಾಡು ಈ ಜೋತಾಡೋ ಜಾಗ ಅಮ್ಮ," ಎಂದಳು. ಭೂಮಿಯ ತೊಗಲು ಒಂದೇ ಅಲ್ಲವಂತೆ, ತುಂಡು ತುಂಡಂತೆ. ನಮ್ಮ ಕಾಲ ಕೆಳಗೆ ಅವು ಬೇರೆಯಾಗುತ್ತಿವೆಯಂತೆ. ಒಂದು ಅರಬರ ಕಡೆಗೆ, ಒಂದು ಸೊಮಾಲಿಯರ ಕಡೆಗೆ, ಒಂದು ಪಡುವಣಕ್ಕೆ. ಉಗುರು ಬೆಳೆಯುವಷ್ಟು ನಿಧಾನ. ಎಳೆದಂತೆ ನಡುವಿನ ನೆಲ ತೆಳುವಾಗಿ ಕುಸಿದು ಕಣಿವೆಯಾಗುತ್ತದೆ. ಬಹುಕಾಲ ಏನೂ ಆಗದೆ ಬಿಗಿಯುತ್ತಾ ಬಿಗಿಯುತ್ತಾ ಹೋಗಿ, ಒಂದು ದಿನ ಆಳದ ಕರಗಿದ ಕಲ್ಲು ಸಂದಿಗೆ ನುಗ್ಗಿ, ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ತೆರೆದುಬಿಡುತ್ತದೆ. ಮುಂದೊಂದು ಕಾಲಕ್ಕೆ ಇಲ್ಲಿ ಸಮುದ್ರ ಬರುತ್ತದೆ. ಅವಳು ಇದನ್ನು ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ, ನನಗೆ ಭಯಪಡುವುದಕ್ಕೆ ಸಂಕೋಚವಾಯಿತು.

ಅತ್ತಿಗೆಗೆ ಹೋಗಿ ಹೇಳಿದೆ. ಅವಳು ಚಾಪೆ ಹೆಣೆಯುತ್ತಾ ಕೇಳಿಸಿಕೊಂಡಳು. "ಅಂದ್ರೆ ಐಸಾ ಎಳೀಲಿಲ್ಲ, ನಾನೂ ಎಳೀಲಿಲ್ಲ," ಎಂದಳು. "ಇಬ್ಬರನ್ನೂ ಎಳೀತಿತ್ತು."

ಅಣ್ಣ ಕಂದಕ ಮುಗಿಯುವವರೆಗೆ ನಡೆದು, ಸುತ್ತು ಹಾಕಿ, ವಾರಗಳ ಮೇಲೆ ಬಂದ. ಅವಳು ಅವನಿಗೆ ಹಾಲು ಕೊಟ್ಟಳು, ಮಲಗಲು ತೊಗಲು ಹಾಸಿದಳು. ಪಡುವಣದ ಬೀಡಿಗೆ ಬಾ ಎಂದ. ಮನೆ ಇಲ್ಲಿದೆ ಎಂದಳು. ಅವನೇ ಉಳಿದ. ಅಂದಿನಿಂದ ಯಾರ ಜೊತೆ ದಾಗೂಗೆ ಕೂತರೂ ಅವನು ಮೊದಲು ಒಳಗೆ ಮುಖ ಹಾಕಿ, "ಹೇಳೋದು ಏನಾದ್ರೂ ಇದೆಯಾ?" ಎಂದು ಕೇಳುತ್ತಿದ್ದ. ಅವಳು ಮೂರು ಬೆಳಗಾಗುವಷ್ಟು ಹೇಳುತ್ತಿದ್ದಳು, ಬೇಕೆಂದೇ. ಹಾಲು ಉಕ್ಕಿದ್ದು, ಸೌದೆ ಹಸಿಯಾದದ್ದು, ಬಾನಿಯ ಅಂಚಿನ ಬಿರುಕು. ಅವನು ಎಲ್ಲವನ್ನೂ ಹೇಳಬೇಕಿತ್ತು. ಕೇಳುವ ಗಂಡಸರು ಆಕಳಿಸುತ್ತಿದ್ದರು. ಅವನು ಸಾಯುವವರೆಗೂ ಬಿಡದೆ ಹೇಳಿದ.

ಈಗ ಅತ್ತಿಗೆ ಮುದುಕಿ. ಆ ಕೂಸಿಗೆ ಮದುವೆಯಾಗಿ ಅವಳದೇ ಮನೆಯಾಗಿದೆ. ಕಂದಕದಿಂದ ಬಹಳ ದೂರ, ಮೂಡಣದ ಗಟ್ಟಿ ನೆಲದಲ್ಲಿ ಇದ್ದೇವೆ. ಅತ್ತಿಗೆಯ ಮನೆಯಿಂದ ಐಸಾಳ ಮನೆಗೆ, ಅಲ್ಲಿಂದ ಮೊಮ್ಮಗಳ ಮನೆಗೆ ಇಂದಿಗೂ ಹಗ್ಗವಿದೆ, ಅತ್ತಿಗೆಯ ಕಡೆಯ ತುದಿಗೆ ಅದೇ ಗಂಟೆಯಿದೆ. ದಿನಾ ಬೆಳಿಗ್ಗೆ ಎದ್ದವಳೇ ಅದರ ಮೇಲೆ ಬೆರಳಿಟ್ಟು ನೋಡುತ್ತಾಳೆ. ಐಸಾ ರೇಗುತ್ತಾಳೆ. "ಇಲ್ಲಿ ಏನೂ ಆಗಲ್ಲ ಅಂತ ಓದಿದೋರೇ ಹೇಳಿದ್ದಾರೆ ಅಮ್ಮ. ನಿನ್ನ ಹಗ್ಗಕ್ಕೆ ಎಡವಿ ನನ್ನ ಆಡಿನ ಕಾಲು ಮುರೀತು."

"ಆಡು ಹಾರೋಷ್ಟು ಸಡಿಲ ಇದೆ ತಾನೆ," ಎನ್ನುತ್ತಾಳೆ ಅತ್ತಿಗೆ. "ಇರಲಿ ಬಿಡು."

ಮೊನ್ನೆ ಮಧ್ಯಾಹ್ನ ನಾನು ಅವಳ ಮನೆಯಲ್ಲಿ ಒರಗಿದ್ದೆ. ಅವಳು ಕೋಲಿಗೆ ಬೆನ್ನು ಕೊಟ್ಟು, ಹನಿ ಸೋರದ ಹಾಗೆ ಬಿಗಿಯಾಗಿ, ಹಾಲು ತುಂಬುವ ಬುಟ್ಟಿಯ ಅಂಚು ಹೆಣೆಯುತ್ತಿದ್ದಳು. ಗಾಳಿಯಿರಲಿಲ್ಲ. ತಲೆಯ ಮೇಲೆ ಗಂಟೆ ಕಟಕ್ ಎಂದಿತು. ಒಂದೇ ಸಲ.

ಅತ್ತಿಗೆಯ ಕೈ ನಿಂತಿತು. "ಐಸಾ, ನೀನಾ?" ಎಂದು ಕೂಗಿದಳು.

ಐಸಾ ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಸಂತೆಗೆ ಹೋಗಿದ್ದಳು. ಇಬ್ಬರಿಗೂ ಗೊತ್ತಿತ್ತು. ಆದರೂ ಉತ್ತರ ಬಂದೀತೆಂದು ಸ್ವಲ್ಪ ಹೊತ್ತು ಕಾದೆವು.

ಅತ್ತಿಗೆ ಬುಟ್ಟಿ ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಬಾಗಿಲ ಪಕ್ಕದ ಮೊದಲ ಕಟ್ಟನ್ನು ಬಿಚ್ಚಲು ಶುರುಮಾಡಿದಳು. ಬೆರಳುಗಳು ಗಂಟು ಹಿಡಿದು ಅವಳಿಗೆ ಈಗ ಬೇಗ ಬಿಚ್ಚಲಾಗುವುದಿಲ್ಲ. ನಾನು ಎದ್ದು ಚಾಪೆಯ ಇನ್ನೊಂದು ತುದಿ ಹಿಡಿದೆ.